ಖರ್ಚು ಕಳೆಯುವ ಮುಂಚೆ

ಹದಿನೇಳನೇ ಮಹಡಿ. ಕಿಟಕಿಯಾಚೆ ಮಿಶಿಗನ್ ಸರೋವರ
ದಡ ಯಾವುದು ನೀರು ಯಾವುದು ತಿಳಿಯದಂತೆ ಹೆಪ್ಪುಗಟ್ಟಿದೆ.
ಮೇಜಿನ ಆಚೆ ಆರು ಕೋಟುಗಳು.
ಈಚೆ ಒಬ್ಬ ವಕೀಲೆ, ಮೂವರು ಆಟಗಾರ್ತಿಯರು,
ನಡುವೆ ಆರಡಿ ಮೂರಂಗುಲದ ಒಡೆಸ್ಸಾ ಪ್ರೂಯಿಟ್,
ಹನ್ನೆರಡು ವರ್ಷ ಬಾಸ್ಕೆಟ್ಟಿನ ಕೆಳಗೆ ನಿಂತು
ಮೊಣಕೈ ಏಟು ತಿಂದವಳು.
ಎಡ ಮಂಡಿಗೆ ಕಟ್ಟಿದ ಐಸಿನ ಚೀಲ
ಕಾರ್ಪೆಟ್ಟಿಗೆ ತೊಟ್ಟಿಕ್ಕುತ್ತಿದೆ.

ಸಂಜೆ ಏಳರಿಂದ ಒಂದೇ ಪದದ ಮೇಲೆ ಕೂತಿದ್ದಾರೆ.
ಆದಾಯ.
ಹಾಗೆಂದರೆ?

ಟಿಕೆಟ್ಟಿನ ದುಡ್ಡು? ಸೇರುತ್ತದೆ.
ಟೀವಿಯದು? ಸೇರುತ್ತದೆ, ಪೂರ್ತಿ ಅಲ್ಲ.
ಬೆನ್ನಿಗೆ ಪ್ರೂಯಿಟ್ ಎಂದು ಬರೆದ ಜೆರ್ಸಿ?
ಅದು ಬೇರೆ ಕಂಪನಿ, ಮೇಡಂ.
ಕಾರು ನಿಲ್ಲಿಸುವ ಶುಲ್ಕ, ಪಾಪ್‌ಕಾರ್ನ್, ಬಿಯರು?
ಅದು ಕಟ್ಟಡದವರಿಗೆ.
ಕಟ್ಟಡ ಯಾರದು?
ಆರನೆಯ ಕೋಟು ಕೆಮ್ಮುತ್ತದೆ.

ಚಿಕ್ಕ ಮಕ್ಕಳನ್ನು ಗುಂಪಿಗೆ ಸೇರಿಸಿಕೊಂಡು
ದೊಡ್ಡವರು ಕಣ್ಣು ಮಿಟುಕಿಸಿ ಹೇಳುವುದುಂಟಲ್ಲ,
ಆಟಕ್ಕುಂಟು, ಲೆಕ್ಕಕ್ಕಿಲ್ಲ ಎಂದು.
ಹದಿನೈದು ಸಾವಿರ ಜನ ಎದ್ದು ನಿಂತು ಕೂಗಿದ ಆಟಕ್ಕೂ
ಅದೇ ಕಾನೂನು,
ಇಲ್ಲಿ ನಲವತ್ತು ಪುಟದಲ್ಲಿ ಬರೆದಿದ್ದಾರೆ ಅಷ್ಟೆ.

ಮೇಜಿನ ತುದಿಯ ಪರದೆಯೊಳಗೆ ಶಾಂಡ್ರಾ,
ಟರ್ಕಿಯ ಕಯ್ಸೇರಿಯಿಂದ. ಅಲ್ಲಿ ಆಗಲೇ ಬೆಳಗು.
ಊರಲ್ಲಿ ಬೇಸಿಗೆಯಿಡೀ ಆಡಿದ್ದರ ನಾಲ್ಕರಷ್ಟು
ಅಲ್ಲಿ ಮೂರು ತಿಂಗಳಿಗೆ ಕೊಡುತ್ತಾರೆ.
ಒಂಬತ್ತು ವರ್ಷದಿಂದ ಅವಳ ಮೈಗೆ ರಜೆಯೇ ಗೊತ್ತಿಲ್ಲ.
ಮೊಟ್ಟೆ ಸುಲಿಯುತ್ತ ಕೇಳಿಸಿಕೊಳ್ಳುತ್ತಿದ್ದಾಳೆ.

ಆಗ ಎರಡನೆಯ ಕೋಟು ಹಗುರಾಗಿ ನಕ್ಕು
ಗಂಟು ಬಿಚ್ಚಿತು:
ಐವತ್ತು. ನೂರಕ್ಕೆ ಐವತ್ತೇ ತೆಗೆದುಕೊಳ್ಳಿ,
ಗಂಡಸರಿಗೆ ಸಿಕ್ಕಷ್ಟೇ. ಸಮಸಮ.
ಖರ್ಚು ಕಳೆದ ಮೇಲೆ.

ಇಪ್ಪತ್ತೆರಡರ ಬ್ರಿಯೆಲ್ ಮೇಜಿನಡಿ ಅವಳ ಕೈ ಹಿಂಡಿದಳು.
ಐವತ್ತು!

ಒಡೆಸ್ಸಾ ಮಾತಾಡಲಿಲ್ಲ.
ಅವಳಿಗೆ ಅಜ್ಜಿಯ ತಂಗಿ ವರ್ಲೀನ್ ನೆನಪಾದಳು,
ಮೆಂಫಿಸಿನ ಒಂದು ಓಣಿಯ ಸ್ಟುಡಿಯೋದಲ್ಲಿ
ಹತ್ತೊಂಬತ್ತನೇ ವಯಸ್ಸಿಗೆ
ಒಂದೇ ಒಂದು ರೆಕಾರ್ಡು ಹಾಡಿದವಳು.
ಅರ್ಧ ನಿನ್ನದು, ಅಂದಿದ್ದರು. ಖರ್ಚು ಕಳೆದ ಮೇಲೆ.
ವರ್ಷಕ್ಕೊಮ್ಮೆ ಕಂಪನಿಯಿಂದ ಕಾಗದ ಬರುತ್ತಿತ್ತು:
ಟೇಪಿನ ಖರ್ಚು, ತುತ್ತೂರಿಯವನ ಖರ್ಚು,
ನಿನಗೆ ಊಟ ಹಾಕಿದ ಖರ್ಚು,
ಈ ಕಾಗದದ ಅಂಚೆ ಖರ್ಚು.
ಅವಳ ದನಿ ಈಗಲೂ ರೇಡಿಯೋದಲ್ಲಿ ಬರುತ್ತದೆ,
ಒಮ್ಮೆ ಸಾಬೂನಿನ ಜಾಹೀರಾತಿನಲ್ಲೂ ಬಂತು.
ಸತ್ತ ದಿನ ವರ್ಲೀನ್ ಕಂಪನಿಗೆ
ಇನ್ನೂರ ಹನ್ನೆರಡು ಡಾಲರ್ ಬಾಕಿ ಇದ್ದಳು.

"ಹದಿನೆಂಟು," ಅಂದಳು ಒಡೆಸ್ಸಾ.
ಕೋಟುಗಳು ಒಂದನ್ನೊಂದು ನೋಡಿಕೊಂಡವು.
"ಐವತ್ತು ಬೇಡ. ಹದಿನೆಂಟು.
ಖರ್ಚು ಕಳೆಯುವ ಮುಂಚೆ.
ಬಿಯರೂ ಸೇರಿ."

ಕುರ್ಚಿಗಳು ಹಿಂದಕ್ಕೆ ಸರಿದವು.
ಆರೂ ಜನ ಕಾರಿಡಾರಿಗೆ ಹೋದರು, ಫೋನುಗಳ ಸಮೇತ,
ನಗುವನ್ನು ಒಳಗೇ ಮರೆತು.

ಹುಚ್ಚೇ ನಿನಗೆ, ಅಂದಳು ಬ್ರಿಯೆಲ್.
ಕಯ್ಸೇರಿಯ ಶಾಂಡ್ರಾ ಏನೂ ಅನ್ನದೆ
ಸುಲಿಯದ ಇನ್ನೊಂದು ಮೊಟ್ಟೆಯನ್ನು
ಕ್ಯಾಮೆರಾಕ್ಕೆ ಎತ್ತಿ ತೋರಿದಳು.

ಗಂಟೆ ನಾಲ್ಕಾಯಿತು. ಬಾಗಿಲು ತೆರೆಯಲಿಲ್ಲ.
ಒಡೆಸ್ಸಾಳ ಒಪ್ಪಂದ ಸೆಪ್ಟೆಂಬರಿನಲ್ಲೇ ಮುಗಿದಿದೆ,
ಈ ಮಂಡಿಗೆ ಹೊಸದು ಬರೆಯುವವರಿಲ್ಲ.
ಹದಿನೆಂಟರಲ್ಲಿ ಅವಳಿಗೆ ಒಂದು ಕಾಸೂ ಇಲ್ಲ.
ಇದನ್ನು ಕೋಟುಗಳೂ ಬಲ್ಲವು. ಅದಕ್ಕೇ ಅವಕ್ಕೆ ದಿಗಿಲು:
ತನಗೇನೂ ಬೇಡದವಳ ಜೊತೆ
ಏನೆಂದು ಚೌಕಾಸಿ?

ಅವಳು ಕುಂಟುತ್ತ ಎದ್ದು, ಕರಗಿದ ಚೀಲವನ್ನು
ಮೂಲೆಯ ಗಿಡಕ್ಕೆ ಬಗ್ಗಿಸಿದಳು.
ಪ್ಲಾಸ್ಟಿಕ್ಕು. ನೀರು ಕುಂಡ ತುಂಬಿ ಚೆಲ್ಲಿತು.
ಇದನ್ನೂ ಖರ್ಚಿಗೆ ಬರೆದುಕೊಳ್ಳಲಿ, ಅಂದುಕೊಂಡು
ಮತ್ತೆ ಬಂದು ಕೂತಳು,
ಎದುರಿನ ಖಾಲಿ ಕುರ್ಚಿಯ ಮೇಲೆ
ಕಾಲು ಚಾಚಿ.